ಯಜಮಾನರ ದನಿಯಲ್ಲಿ ನಾಲ್ಕು ತೂತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೆಲ್ಟನ್ನು ಸಡಿಲ ಮಾಡಿಸಿದ್ದು ನಾನೇ. ಸ್ಪ್ಯಾನರ್ ಹಿಡಿದ ಕೈ ಬಸಣ್ಣನದು, ಕೇಳಿಸಿದ ದನಿ ಯಜಮಾನರದು, ಆದರೆ ಆ ದನಿಯೊಳಗೆ ಕೂತಿದ್ದ ಕಪಿ ನಾನು. ಇದನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು ನಿಮ್ಮನ್ನು ಬೆಚ್ಚಿಬೀಳಿಸಬಹುದಿತ್ತು. ಬೇಡ. ಆ ಮಳೆಗಾಲದಲ್ಲಿ ನಾನು ಬೆಚ್ಚಿಬಿದ್ದಿರುವುದೇ ನಮ್ಮ ಬೀದಿಗೆಲ್ಲ ಹಂಚುವಷ್ಟಿದೆ.

ಕಳೆದ ವಾರ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ನನ್ನ ಮುಂದೆ ಒಂದು ಹಳೇ ಸ್ಕೂಟರ್ ನಿಂತಿತ್ತು. ಹಸಿರು ದೀಪ ಬಿದ್ದದ್ದೇ ತಡ, ನನ್ನ ಮುಖಕ್ಕೆ ನೀಲಿ ಹೊಗೆ ಬಿಟ್ಟು ಹೊರಟುಹೋಯಿತು. ಪೆಟ್ರೋಲಿನ ಜೊತೆಗೆ ಎಣ್ಣೆ ಸುಟ್ಟ ಸಿಹಿ ಸಿಹಿ ನಾತ. ಹಿಂದಿದ್ದವರೆಲ್ಲ ಹಾರ್ನ್ ಹೊಡೆದು ನನ್ನ ವಂಶವನ್ನು ವಿಚಾರಿಸುತ್ತಿದ್ದರೂ ನಾನು ಹಾಗೇ ನಿಂತಿದ್ದೆ. ಮೂಗಿಗೆ ಎಣ್ಣೆ ಹೊಗೆ, ಬಾಯಿಗೆ ಸಗಣಿ ಗೊಬ್ಬರದ ರುಚಿ. ಹೌದು, ರುಚಿ. ಅದಕ್ಕೆ ಬರುತ್ತೇನೆ.

ಮೂರು ವರ್ಷದ ಹಿಂದೆ ನಾನು ಪೀಣ್ಯ ಎರಡನೇ ಹಂತದ ಒಂದು ಗಲ್ಲಿಯಲ್ಲಿ, ಪ್ಲೇಟಿಂಗ್ ಯೂನಿಟ್ಟಿನ ಪಕ್ಕದ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಬೈಕುಗಳ ಷಾಕ್ ಅಬ್ಸಾರ್ಬರ್ ಬಿಚ್ಚಿ, ಸ್ಪ್ರಿಂಗ್ ಬದಲಿಸಿ, ಎಣ್ಣೆ ತುಂಬಿ ಕೊಡುವುದು ನಮ್ಮ ಕಸುಬು. ಊರಿನ ರಸ್ತೆ ಗುಂಡಿಗಳ ದಯೆಯಿಂದ ಕೆಲಸಕ್ಕೆ ಬರವೇ ಇರಲಿಲ್ಲ. ಯಜಮಾನರ ಹೆಸರು ನಂಜುಂಡಯ್ಯ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಫಿಟ್ಟರ್ ಆಗಿದ್ದು, ನಿವೃತ್ತಿಯ ಮಾರನೇ ದಿನವೇ ಮನೆಯಲ್ಲಿ ಕೂರಲಾಗದೆ ಈ ಶೆಡ್ಡು ಹಾಕಿದವರು. ಇನ್ನೊಬ್ಬ ಬಸವರಾಜು, ಯಾದಗಿರಿ ಕಡೆಯವನು, ನಾನಿದ್ದ ಬಾಗಲಗುಂಟೆಯಲ್ಲೇ ಒಂದು ರೂಮಿನಲ್ಲಿ ನಾಲ್ವರ ಜೊತೆ ಇದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ನನಗೆ ಬಸಣ್ಣ. ಮೂರನೆಯವನು ನಾನು, ಚೇತನ್. ಡಿಪ್ಲೊಮಾದ ಎರಡು ವಿಷಯ ಇನ್ನೂ ಬಾಕಿ, ಬಾಯಿ ಮಾತ್ರ ಫಸ್ಟ್ ಕ್ಲಾಸು.

ನಾನು ಎಲ್ಲರ ದನಿ ತೆಗೆಯುತ್ತಿದ್ದೆ. ಬಸಣ್ಣನ 'ಏನಲೇ ತಮ್ಮಾ', ಟೀ ತರುವವನ ಕೆಮ್ಮು, ವಠಾರದ ಮಾಲೀಕರು ನೀರಿನ ಮೋಟಾರಿಗೆ ಬೈಯುವ ಬೈಗುಳ, ಕೊನೆಗೆ ಆ ಮೋಟಾರಿನದೇ ದನಿ. ನನ್ನದನ್ನೂ ಬಿಟ್ಟವನಲ್ಲ: ಹುಡುಗಿಯರ ಮುಂದೆ ನನ್ನ ಗಂಟಲು ಹೇಗೆ ಒಂದು ಸುತ್ತು ತೆಳ್ಳಗಾಗುತ್ತದೆಂದು ನಾನೇ ಆಡಿ ತೋರಿಸುತ್ತಿದ್ದೆ. ಯಜಮಾನರ ದನಿಯೊಂದನ್ನು ಮಾತ್ರ ಯಾರ ಮುಂದೆಯೂ ತೆಗೆದಿರಲಿಲ್ಲ. ಭಯ. ಮನೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಂದು ವರ್ಷ ಅಭ್ಯಾಸ ಮಾಡಿದ್ದೆ, ಅಷ್ಟೆ.

ಆ ದನಿಗೆ ನಮ್ಮ ಶೆಡ್ಡಿನಲ್ಲಿ ಏನು ಬೆಲೆಯಿತ್ತೆಂದು ಹೇಳಲೇಬೇಕು. ಯಜಮಾನರು ಪ್ಲೈವುಡ್ಡಿನ ಕ್ಯಾಬಿನ್ನಿನೊಳಗೆ ಕೂರುತ್ತಿದ್ದರು. ಹೊರಗೆ ಗ್ರೈಂಡರು, ಕಂಪ್ರೆಸರು. ಯಾವ ಗಾಡಿಗೆ ಏನು ಮಾಡಬೇಕೆಂದು ಚೀಟಿಯಿಲ್ಲ, ಪುಸ್ತಕವಿಲ್ಲ. ತಡಿಕೆಯ ಮೇಲಿಂದ ದನಿ ಹಾರಿ ಬರುತ್ತಿತ್ತು: "ಬಸವರಾಜೂ... ಆ ಕರೀ ಬೈಕಿಗೆ ಎಣ್ಣೆ ಇನ್ನೊಂದು ಸ್ವಲ್ಪ ಗಟ್ಟಿದು ಹಾಕಪ್ಪ. ಅರ್ಥ ಆಯ್ತೇನಪ್ಪಾ?" ಬಸಣ್ಣ ತಲೆಯೆತ್ತದೆ "ಹೂಂನ್ರಿ ಸಾಹೇಬ್ರ" ಎನ್ನುವನು, ಕೆಲಸ ಆಗುವುದು. ಮನುಷ್ಯ ಕಾಣಬೇಕಿಲ್ಲ, ದನಿ ಬಂದರೆ ಸಾಕು. ಇಷ್ಟು ವರ್ಷದಲ್ಲಿ ಒಂದು ಕೆಲಸವೂ ತಪ್ಪಿರಲಿಲ್ಲ.

ಆಗಸ್ಟಿನ ನಡುವಿನಲ್ಲಿ, ಸೋನೆ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಲಾರಿಯೊಂದು ಗಲ್ಲಿಗೆ ಹಿಂದುಹಿಂದಾಗಿ ಬಂತು. ಬೇಸಿಗೆ ಬಂದರೆ ಹಿಮಾಲಯದ ಕಡೆ ಬೈಕಿನಲ್ಲಿ ಸುತ್ತಲು ಹೋಗುವ ನಮ್ಮೂರಿನ ಹುಡುಗರಿದ್ದಾರಲ್ಲ, ಅವರ ಬೈಕು ಹೊತ್ತೊಯ್ಯುವ ಲಾರಿ. ಆ ಬೈಕುಗಳ ಷಾಕ್ ಅಬ್ಸಾರ್ಬರೆಲ್ಲ ನಮ್ಮ ಕೈಯಲ್ಲೇ ತಯಾರಾಗುತ್ತಿದ್ದದ್ದು. ಹಿಂದಿನ ಹಲಗೆ ಇಳಿಸಿದರೆ ಒಳಗೆ ಬೈಕಿರಲಿಲ್ಲ. ಮುಂದೆ ಚಕ್ರದ ಬದಲು ಜಾರುವ ಹಲಗೆಯಂಥ ಎರಡು ಉದ್ದನೆಯ ಹಲ್ಲೆ, ಹಿಂದೆಯೂ ಚಕ್ರವಿಲ್ಲ, ಬುಲ್ಡೋಜರಿನಂತೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಸ್ಕೂಟರಿನಂಥ ಸೀಟು. ನಾನು ಬಾಯಿ ತೆರೆದು ನಿಂತೆ. ಬಸಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಗಾಲಿ ಯಾರ ಕದ್ದಾರಲೇ?" ಎಂದ.

"ಹಿಮದ ಗಾಡಿ ಕಣ್ರಪ್ಪ. ಸ್ನೋಮೊಬೈಲು" ಎಂದರು ಯಜಮಾನರು. ಅವರ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಗಾಡಿಯ ಜೊತೆಗೇ ಅದರ ಒಡೆಯ ಇಳಿದ. ದೋರ್ಜೆ, ನಲವತ್ತೈದರ ಆಸುಪಾಸು, ಬೆಟ್ಟದ ಮೇಲಿನ ಒಂದು ಹಳ್ಳಿಯವನು. ಚಳಿಗಾಲದಲ್ಲಿ ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು ಹಿಮದಲ್ಲಿ ಸುತ್ತು ಹೊಡೆಸುವುದು ಅವನ ಜೀವನ. ಅವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಹೋದ ಚಳಿಗಾಲದಲ್ಲಿ ಒಬ್ಬ ಹೆಂಗಸನ್ನು ಕೂರಿಸಿಕೊಂಡು ಹೋಗುವಾಗ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಗಾಡಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಮರಕ್ಕೆ ಬಡಿಯಿತು. ಆಕೆಯ ಮಣಿಕಟ್ಟು ಮುರಿಯಿತು.

"ನಮ್ಮೂರಲ್ಲಿ ಗಾಡಿಗಳಿಗೆ ಸರದಿ ನಂಬರಿದೆ. ನನ್ನದು ಮೂರು. ನಮ್ಮಪ್ಪ ಕುದುರೆ ಓಡಿಸುತ್ತಿದ್ದಾಗಿನಿಂದ ನಮ್ಮ ಮನೆಗೆ ಮೂರನೇ ನಂಬರು. ಮೊದಲ ಹಿಮ ಬಿದ್ದಾಗ ಊರವರ ಮುಂದೆ ಇಬ್ಬರು ಕೂತು ಅದೇ ತಿರುವನ್ನು ತಿರುಗಿಸಿ ತೋರಿಸಬೇಕು. ಇಲ್ಲವಾದರೆ ನಂಬರು ಇನ್ನೊಬ್ಬರಿಗೆ." ಇಷ್ಟು ಹೇಳಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ವಾಪಸು ಹೋಗಲು ಅವನಿಗಿದ್ದದ್ದು ಒಂದೇ ಲಾರಿ. ಸೆಪ್ಟೆಂಬರ್ ಕೊನೆಯದು. ಅದು ತಪ್ಪಿದರೆ ಮೇಲಿನ ದಾರಿ ಮುಚ್ಚಿಹೋಗುತ್ತದೆ.

ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟು ಬೇರೆಲ್ಲೂ ನೋಡದ ಮೂವರು ಆ ಗಾಡಿಗೆ ಕೈ ಹಾಕಿದೆವು. ಮೊದಲ ದಿನ ಬಸಣ್ಣನೂ ನಾನೂ ಸೇರಿ ಗೊತ್ತಿದ್ದ ವಿದ್ಯೆಯನ್ನೇ ಮಾಡಿದೆವು: ಇದ್ದಬದ್ದ ಸ್ಪ್ರಿಂಗನ್ನೆಲ್ಲ ಬಿಗಿ ಮಾಡಿದೆವು. ಪೀಣ್ಯದ ರಸ್ತೆಗೆ ಓಡುವ ಬೈಕಿಗೆ ಬೇರೆ ಔಷಧಿಯೇ ಇಲ್ಲ. ಯಜಮಾನರು ಕ್ಯಾಬಿನ್ನಿನಿಂದ ಎದ್ದು ಬಂದು, ನಾವು ಬಿಗಿ ಮಾಡಿದ್ದನ್ನೆಲ್ಲ ಬಿಚ್ಚಿಸಿ, ಎರಡು ದಿನ ಸುಮ್ಮನೆ ಗಾಡಿಯ ಮುಂದೆ ಸ್ಟೂಲ್ ಹಾಕಿಕೊಂಡು ನೋಡುತ್ತಾ ಕೂತರು. ಮೂರನೇ ದಿನ ನನ್ನನ್ನು ಗುಜರಿ ಅಂಗಡಿಗೆ ಕಳಿಸಿ, ಮನುಷ್ಯರು ಹತ್ತಿ ನಿಲ್ಲುವ ಎರಡು ತೂಕದ ಯಂತ್ರ ತರಿಸಿದರು. ಮುಂದಿನ ಎರಡು ಹಲ್ಲೆಯ ಕೆಳಗೂ ಒಂದೊಂದು ಇಟ್ಟರು.

"ದೋರ್ಜೆಯವರೇ, ಚಳಿಗಾಲದ ಕೋಟು, ಬೂಟು, ಟೋಪಿ, ಎಲ್ಲ ಹಾಕ್ಕೊಂಡು ಹತ್ತಿ."

ಆ ಸೆಕೆಯಲ್ಲಿ ಪಾಪ ಮನುಷ್ಯ ಎಲ್ಲ ಹಾಕಿಕೊಂಡು ಹತ್ತಿದ. ಮುಳ್ಳು ಒಂದು ಕಡೆ ನಿಂತಿತು. ಆಮೇಲೆ ನನ್ನನ್ನು ಹಿಂದೆ ಕೂರಲು ಹೇಳಿದರು. ನನ್ನ ತೂಕ ಸಾಲದೆಂದು ಮಡಿಲಿಗೆ ಒಂದು ಮರಳಿನ ಚೀಲ ಬೇರೆ. ಕೂತೆ. ಭಾರ ಹೆಚ್ಚಿದರೆ ಮುಳ್ಳು ಮೇಲೇರಬೇಕಲ್ಲವೇ? ಎರಡೂ ಮುಳ್ಳು ಸರ್ರನೆ ಕೆಳಗಿಳಿದವು. ನನಗೆ ಯಾರೋ ಕಣ್ಕಟ್ಟು ಮಾಡಿದ ಹಾಗಾಯಿತು.

"ನೋಡಿದ್ರಾ? ಸೈಕಲ್ ಕ್ಯಾರಿಯರಿಗೆ ಗ್ಯಾಸ್ ಸಿಲಿಂಡರ್ ಕಟ್ಟಿದರೆ ಮುಂದಿನ ಚಕ್ರ ಗಾಳಿಯಲ್ಲಿ ಆಡ್ತದಲ್ಲ, ಅದೇ ಕಾಯಿಲೆ. ಹಿಂದೆ ಕುಸೀತದೆ, ಮುಂದೆ ಹಗುರ ಆಗ್ತದೆ, ಹಲ್ಲೆ ನೆಲ ಕಚ್ಚೋದಿಲ್ಲ. ಗಾಡಿ ತಿರುಗೋದು ಹ್ಯಾಂಡಲಿಂದ ಅಲ್ಲಪ್ಪ, ಭಾರದಿಂದ. ಅರ್ಥ ಆಯ್ತೇನಪ್ಪಾ?"

ಅರ್ಥವಾಯಿತು. ನಾನು ಒಂದು ವಿಷಯವನ್ನು ಮೊದಲ ಸಲಕ್ಕೇ ಅರ್ಥ ಮಾಡಿಕೊಂಡೆನೆಂಬುದು ಆ ಮಳೆಗಾಲದ ಇನ್ನೊಂದು ಆಘಾತ.

ಒಂದು ತಿಂಗಳು ಹಿಡಿಯಿತು. ಇಬ್ಬರು ಕೂತರೂ ಹಿಂದೆ ಕುಸಿಯದಂತೆ ಹಿಂದಿನ ಸ್ಪ್ರಿಂಗನ್ನು ಹೊಸದಾಗಿ ಸುತ್ತಿಸಿ ಗಟ್ಟಿ ಮಾಡಿದೆವು. ಪಟ್ಟಿಯ ನಡುವಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿದೆವು, ಏಕೆಂದರೆ ಅದು ಗಟ್ಟಿಯಿದ್ದಷ್ಟೂ ಗಾಡಿಯ ಮೂತಿಯನ್ನು ಮೇಲೆತ್ತುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಿಯೊಳಗೆ ಅಡಗಿದ್ದ ಒಂದು ಬೆಲ್ಟು. ಸ್ಕೂಲ್ ಬ್ಯಾಗಿನ ಪಟ್ಟಿಯಷ್ಟೇ ಅಗಲ, ಉದ್ದಕ್ಕೂ ತೂತುಗಳು. ವೇಗ ಕೊಟ್ಟಾಗ ಪಟ್ಟಿಯ ಮುಂಭಾಗ ನೆಲವನ್ನು ಒದ್ದು ಮೂತಿ ಎತ್ತದಂತೆ ಅದು ಹಿಡಿದಿಡುತ್ತದೆ. ಬಿಗಿ ಮಾಡಿದರೆ ಭಾರ ಹಲ್ಲೆಯ ಮೇಲೆ ಕೂರುತ್ತದೆ, ಸಡಿಲ ಬಿಟ್ಟರೆ ಹಲ್ಲೆ ಹಗುರವಾಗುತ್ತದೆ. ಯಜಮಾನರು ಅದನ್ನು ಎರಡು ತೂತು ಬಿಗಿ ಮಾಡಿಸಿ, ನನ್ನನ್ನೂ ಮರಳು ಚೀಲವನ್ನೂ ಕೂರಿಸಿ, ಮುಳ್ಳು ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಬೆಲ್ಟು ಎರಡು ತೂತು ಬಿಗಿ. ಸರಿ. ಕೆಳಗೆ ಗೆರೆ ಎಳೆದರು. ದೋರ್ಜೆ ಆ ಗೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವತ್ತು ಬಸಣ್ಣ ಊರಿಗೆ ಹೋಗಿದ್ದ. ಬಿಗಿ ಮಾಡಿದ್ದು ನಾನು.

ಭಾನುವಾರ ಪರೀಕ್ಷೆ ಎಂದು ನಿಗದಿಯಾಯಿತು. ಶುಕ್ರವಾರ ಯಜಮಾನರು ಮೊಮ್ಮಗಳ ನಾಮಕರಣಕ್ಕೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದರು, ದೋರ್ಜೆಯನ್ನೂ ಊಟಕ್ಕೆ ಕರೆದೊಯ್ದಿದ್ದರು. ಸಂಜೆ ಪಕ್ಕದ ಪ್ಲೇಟಿಂಗ್ ಯೂನಿಟ್ಟಿನ ಇಬ್ಬರು ಗೆಳೆಯರು ಟೀಗೆ ಬಂದಿದ್ದರು. "ಮಗಾ, ಯಾರದ್ದಾದ್ರೂ ಮಾಡೋ" ಎಂದರು. ಖಾಲಿ ಕ್ಯಾಬಿನ್ನು, ಖಾಲಿ ಕುರ್ಚಿ, ಮೇಜಿನ ಮೇಲೆ ಅವರ ಹಳೇ ಕನ್ನಡಕ. ಒಂದು ವರ್ಷದ ಬಚ್ಚಲ ತಪಸ್ಸು. ತಡೆಯಲಾಗಲಿಲ್ಲ. ಕನ್ನಡಕ ಏರಿಸಿ ಕೂತೆ. ಹೊರಗೆ ಬಸಣ್ಣ ಗಾಡಿಯ ಕೆಳಗೆ ಮಲಗಿ ನಟ್ಟುಗಳನ್ನು ನೋಡುತ್ತಿದ್ದದ್ದು ಗೊತ್ತಿತ್ತು.

"ಬಸವರಾಜೂ..." ಎಂದೆ. ನನ್ನ ಮೈಯೇ ಜುಮ್ಮೆಂದಿತು, ಅಷ್ಟು ಚೆನ್ನಾಗಿ ಬಂತು. "ಆ ಬೆಲ್ಟು ತುಂಬಾ ಬಿಗಿ ಆಯ್ತಪ್ಪ. ನಾಲ್ಕು ತೂತು ಬಿಡು. ಅರ್ಥ ಆಯ್ತೇನಪ್ಪಾ?"

"ಹೂಂನ್ರಿ ಸಾಹೇಬ್ರ" ಎಂದಿತು ಹೊರಗಿನಿಂದ.

ಗೆಳೆಯರು ನೆಲದ ಮೇಲೆ ಉರುಳಾಡಿದರು. ಬಸಣ್ಣನೂ ಆಟಕ್ಕೆ ಸೇರಿಕೊಂಡು ಸಲೀಸಾಗಿ ಉತ್ತರ ಕೊಟ್ಟನೆಂದೇ ನಾನು ತಿಳಿದೆ. ಅವನು ಅದಕ್ಕೆ ಅರ್ಧ ಗಂಟೆ ಮುಂಚೆ ಊರಿನ ಬಸ್ಸಿಳಿದು ನೇರವಾಗಿ ಶೆಡ್ಡಿಗೆ ಬಂದಿದ್ದ, ಯಜಮಾನರು ಮನೆಗೆ ಹೋದದ್ದು ಅವನಿಗೆ ತಿಳಿದೇ ಇರಲಿಲ್ಲ, ನನಗೆ ಆ ದನಿ ಬರುತ್ತದೆಂಬುದೂ ಗೊತ್ತಿರಲಿಲ್ಲ. ಇದ್ಯಾವುದೂ ನನ್ನ ತಲೆಗೆ ಹೊಳೆಯಲಿಲ್ಲ. ಚಪ್ಪಾಳೆ ಬಿದ್ದ ಮೇಲೆ ತಲೆಗೆ ಏನೂ ಹೊಳೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಮಿನಿ ಲಾರಿಯಲ್ಲಿ ಗಾಡಿಯನ್ನು ಸರ್ಜಾಪುರದ ಹತ್ತಿರ ಯಜಮಾನರ ಬೀಗರಾದ ಮುನಿಯಪ್ಪನವರ ಹೊಲಕ್ಕೆ ಒಯ್ದೆವು. ಸುತ್ತಲಿನದೆಲ್ಲ ಅಪಾರ್ಟ್‌ಮೆಂಟ್ ಆಗಿ, ಅವುಗಳ ನಡುವೆ ಎರಡು ಎಕರೆ ಹುಲ್ಲು ಹಾಗೇ ಉಳಿದಿತ್ತು. ಮಳೆಗೆ ನೆಲ ನೆಂದಿತ್ತು, ಆದರೂ ಯಜಮಾನರು ಒಂದು ಟ್ಯಾಂಕರ್ ನೀರು ಸುರಿಸಿದರು. ಹಿಮವಿಲ್ಲದ ಕಡೆ ನೀರಾದರೂ ಬೇಕು, ಇಲ್ಲದಿದ್ದರೆ ಪಟ್ಟಿ ಉಜ್ಜುವ ಕಡೆ ಸುಟ್ಟುಹೋಗುತ್ತದೆ. ಸುಣ್ಣದ ಪುಡಿಯಲ್ಲಿ ತಿರುವು ಎಳೆದೆವು. ತಿರುವಿನ ಆಚೆ ಮುನಿಯಪ್ಪನವರ ತಿಪ್ಪೆ, ಆಳೆತ್ತರ.

"ಅಲ್ಲ ಕಣಪ್ಪಾ, ನಮ್ ಕಾಲದಾಗೆ ಒಲಕ್ಕೆ ನೀರು ಬುಟ್ರೆ ಬೆಳೆ ಬತ್ತಿತ್ತು. ನೀವು ಬುಟ್ರೆ ಏನ್ ಬತ್ತದೆ?" ಎಂದರು ಮುನಿಯಪ್ಪ.

"ಐಸ್‌ಕ್ರೀಂ ಬತ್ತದೆ ತಾತ" ಎಂದೆ, ಅವರದೇ ದನಿಯಲ್ಲಿ. ಅವರು ನಕ್ಕರು. ಆ ದಿನ ನಾನು ಕೇಳಿದ ಕೊನೆಯ ನಗು ಅದು.

ಇದನ್ನೂ ಹೇಳಿಬಿಡುತ್ತೇನೆ, ಹಿಂದೆ ಕೂರಲು ನಾನೇ ಮುಂದೆ ಬಿದ್ದೆ. ಬಾಲ್ಕನಿಗಳಲ್ಲಿ ಜನ ಫೋನ್ ಹಿಡಿದು ನಿಂತಿದ್ದರು. ಮರಳು ಚೀಲವನ್ನು ಮಗುವಿನಂತೆ ತಬ್ಬಿಕೊಂಡು ಅವರಿಗೆಲ್ಲ ಕೈ ಬೀಸಿದೆ. ದೋರ್ಜೆ ಏನೋ ಮಂತ್ರ ಹೇಳಿಕೊಂಡ. ಎಂಜಿನ್ ಕಿರುಚಿತು, ನೀಲಿ ಹೊಗೆ, ಕೆಸರು ಹಾರಿತು. ಸುಣ್ಣದ ಗೆರೆ ಬಂತು. ದೋರ್ಜೆಯ ಭುಜ ಎಡಕ್ಕೆ ಪೂರ್ತಿ ವಾಲಿದ್ದು ನನ್ನ ಗಲ್ಲಕ್ಕೆ ತಗುಲಿ ಗೊತ್ತಾಯಿತು. ಹ್ಯಾಂಡಲ್ ಪೂರ್ತಿ ಎಡಕ್ಕೆ. ಮುಂದಿನ ಹಲ್ಲೆಗಳೂ ಎಡಕ್ಕೆ. ಗಾಡಿ ಮಾತ್ರ ನೆಟ್ಟಗೆ. ಅಷ್ಟು ನೆಟ್ಟಗೆ ನಾನು ಜೀವನದಲ್ಲಿ ಎಲ್ಲಿಗೂ ಹೋಗಿಲ್ಲ. ತಿಪ್ಪೆ ದೊಡ್ಡದಾಗುತ್ತಾ ಬಂತು, ಆಮೇಲೆ ಕತ್ತಲು, ಬೆಚ್ಚಗೆ.

ನನ್ನ ಕಾಲು ಹಿಡಿದು ಎಳೆದದ್ದು ಬಸಣ್ಣ. ಬಾಯಿ ತುಂಬ ಗೊಬ್ಬರ. ಮುನಿಯಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು, "ಎತ್ತಿನ ಗಾಡಿನಾದ್ರೂ ಅಲ್ಲಿ ತಿರುಗ್ತಿತ್ತಲ್ಲಪ್ಪೋ, ಇದೇನಿದು ಇಂಗೆ ನೆಟ್ಟಗೆ ಓಯ್ತು!" ಎನ್ನುತ್ತಿದ್ದರು. ದೋರ್ಜೆಗೆ ಏಟು ಬಿದ್ದಿರಲಿಲ್ಲ. ಹುಲ್ಲಿನ ಮೇಲೆ ಕೂತು ಒಂದೊಂದೇ ಕೈಗವಸು ಬಿಚ್ಚಿದ.

"ಅದೇ" ಎಂದ. "ಅಲ್ಲಿ ಆಗಿದ್ದೂ ಇದೇ."

ಯಜಮಾನರು ಕೆಸರಿನಲ್ಲೇ ಮಲಗಿ ಗಾಡಿಯೊಳಗೆ ಕೈ ಹಾಕಿದರು. ಬಹಳ ಹೊತ್ತು ತಡಕಿದರು. ಎದ್ದಾಗ ಮುಖ ಬೆಳ್ಳಗಾಗಿತ್ತು.

"ಬೆಲ್ಟು ಯಾರು ಬಿಟ್ಟಿದ್ದು?"

"ನಾನಽ ಬಿಟ್ಟೀನ್ರಿ" ಎಂದ ಬಸಣ್ಣ. "ನೀವಽ ಹೇಳಿದ್ರಲ್ರಿ, ನಾಲ್ಕು ತೂತು ಬಿಡು ಅಂತ."

"ನಾನಾ?"

"ಹೌದ್ರಿ. ಮೊನ್ನೆ ಸಂಜೀಕ. ಕ್ಯಾಬಿನ್ನಾಗಿಂದ. ಅರ್ಥ ಆಯ್ತೇನಪ್ಪಾ ಅಂದ್ರಿ, ಹೂಂನ್ರಿ ಅಂದೆ."

ಅವನು ಆಟಕ್ಕೆ ಸೇರಿರಲಿಲ್ಲ. ಅವನು ಕೆಲಸ ಮಾಡಿದ್ದ.

"ಮೊನ್ನೆ ಸಂಜೆ ನಾನು..." ಎಂದು ಯಜಮಾನರು ಶುರು ಮಾಡಿ ನಿಲ್ಲಿಸಿದರು. ಬಸಣ್ಣನ ಮುಖ ನೋಡಿದರು. ಆರು ವರ್ಷದಲ್ಲಿ ಒಂದು ಸುಳ್ಳು ಹೇಳದವನ ಮುಖ. ಈಗ ಬೈಯುತ್ತಾರೆ, ಈಗ ನಾಮಕರಣದ ವಿಷಯ ತೆಗೆಯುತ್ತಾರೆ, ಈಗ ಸಿಕ್ಕಿಬೀಳುತ್ತೇನೆಂದು ನಾನು ಕಾಯುತ್ತಿದ್ದೆ. ಅವರು ನಿಧಾನವಾಗಿ ಹಣೆ ಉಜ್ಜಿಕೊಂಡರು.

"ಮಧ್ಯಾಹ್ನ ಮನೆಗೆ ಹೋದೆ. ಸಂಜೆ ಮತ್ತೆ ಶೆಡ್ಡಿಗೆ ಬಂದು ಹೇಳಿದ್ನೇನೋ. ನನಗೆ ನೆನಪಿಲ್ಲಪ್ಪ." ದೋರ್ಜೆಯ ಕಡೆ ತಿರುಗಿ ಕೈ ಮುಗಿದರು. "ನಮ್ಮಣ್ಣನಿಗೂ ಹಿಂಗೇ ಶುರುವಾಗಿದ್ದು. ಹೇಳಿದ್ದು ಮರೆಯೋದು. ಆಮೇಲೆ ಮನೆ ದಾರಿ ಮರೆತ. ತಪ್ಪು ನಂದು. ಇನ್ನು ನಾನು ನಿಮ್ಮ ಗಾಡಿ ಮುಟ್ಟಬಾರದು. ಬೇರೆ ಯಾರಿಗಾದರೂ ತೋರಿಸಿ."

ತೋರಿಸಲು ಯಾರಿದ್ದರು? ಲಾರಿ ಗುರುವಾರ ಹೊರಡುತ್ತಿತ್ತು. ದೋರ್ಜೆ, "ಬೇಡ ಬಿಡಿ. ಹೀಗೇ ಒಯ್ಯುತ್ತೇನೆ. ನಂಬರು ಇನ್ನೊಬ್ಬರಿಗೇ ಕೊಟ್ಟುಬಿಡುತ್ತೇನೆ" ಎಂದ. ಅಷ್ಟು ಹೊತ್ತೂ ನಾನು ಬಾಯಿಯಿಂದ ಗೊಬ್ಬರ ಉಗಿಯುತ್ತಾ ನಿಂತಿದ್ದೆ. ಬಾಯಿಯೊಳಗೆ ಅಷ್ಟು ತುಂಬಿದ್ದರೆ ಹೇಳುವುದಾದರೂ ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೊಬ್ಬರ ಹೋದ ಮೇಲೂ ಹೇಳಲಿಲ್ಲ.

ಸೋಮವಾರ ಯಜಮಾನರು ಒಂದು ನೋಟ್‌ಬುಕ್ ಹಿಡಿದು ಬಂದರು. ನಲವತ್ತು ಪುಟದ್ದು, ಮಕ್ಕಳು ಬರೆಯುವಂಥದು. ಏನು ಹೇಳಿದರೂ ಬರೆದುಕೊಳ್ಳುತ್ತಿದ್ದರು. ತಡಿಕೆಯ ಮೇಲಿಂದ ದನಿ ಹಾರಿ ಬರುವುದು ನಿಂತುಹೋಯಿತು. ಹೊರಗೆ ಬಂದು, ಎದುರು ನಿಂತು, "ಬಸವರಾಜು, ಈ ಬೈಕಿಗೆ ಎಣ್ಣೆ ಬದಲಿಸು ಅಂತ ನಾನು ಆಗಲೇ ಹೇಳಿದೀನಾ?" ಎಂದು ಕೇಳುತ್ತಿದ್ದರು. "ಇಲ್ರಿ, ಈಗ ಹೇಳಾಕತ್ತೀರಿ" ಎಂದು ಬಸಣ್ಣ ಹೇಳುವಾಗ ಅವನ ಕಣ್ಣು ನೆಲದ ಮೇಲಿರುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ನನ್ನನ್ನು ಕರೆದರು.

"ಚೇತನ್, ನೀನು ಚುರುಕು ಹುಡುಗ. ನಾನು ಒಂದೇ ಮಾತು ಎರಡು ಸಲ ಹೇಳಿದ್ರೆ ನಾಚ್ಕೋಬೇಡ, ಹೇಳಿಬಿಡು. ಮಗಳಿಗೆ ಇನ್ನೂ ಹೇಳಿಲ್ಲ."

ನಾನು ಯಾರನ್ನಾದರೂ ಆಡಿಕೊಳ್ಳುವಾಗ ಅವರಿಂದ ಒಂದಿಷ್ಟು ದನಿ ಮಾತ್ರ ತೆಗೆದುಕೊಳ್ಳುತ್ತೇನೆಂದು ತಿಳಿದಿದ್ದೆ. ಈ ಮನುಷ್ಯನಿಂದ ಇಡೀ ತಲೆಯನ್ನೇ ಕಸಿದುಕೊಂಡಿದ್ದೆ. ಅವತ್ತು ಸಂಜೆ ಪ್ಲೇಟಿಂಗ್ ಯೂನಿಟ್ಟಿನವರು ಬಂದು "ಗುರು, ಆ ಯಜಮಾನರದ್ದು ಇನ್ನೊಂದ್ಸಲ" ಎಂದಾಗ ತಲೆನೋವೆಂದು ಹೇಳಿ ಹೊರಟುಬಿಟ್ಟೆ. ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತೆ. ಈ ಸಲ ಅಭ್ಯಾಸ ಮಾಡಿದ್ದು ನನ್ನದೇ ದನಿಯನ್ನು: "ಸಾರ್, ಅದು ನಾನು." ಮೂರೇ ಪದ, ಆದರೂ ಒಂದು ಸಲವೂ ಸರಿಯಾಗಿ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ದೋರ್ಜೆ ಗಾಡಿಯನ್ನು ಟಾರ್ಪಾಲಿನಲ್ಲಿ ಸುತ್ತುತ್ತಿದ್ದ. ಬಸಣ್ಣ ಒಂದು ಬೈಕಿನ ಕೆಳಗೆ ಮಲಗಿದ್ದ. ಯಜಮಾನರು ಕ್ಯಾಬಿನ್ನಿನೊಳಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ನಾನು ತಡಿಕೆಯ ಈಚೆ ನಿಂತೆ. ನನ್ನ ದನಿ ಬರುವುದಿಲ್ಲವೆಂದು ಖಾತ್ರಿಯಾಗಿತ್ತು. ಅದಕ್ಕೇ ಬರುವುದನ್ನು ತೆಗೆದೆ.

"ಬಸವರಾಜೂ... ಆ ಬೆಲ್ಟು ತುಂಬಾ ಬಿಗಿ ಆಯ್ತಪ್ಪ. ನಾಲ್ಕು ತೂತು ಬಿಡು. ಅರ್ಥ ಆಯ್ತೇನಪ್ಪಾ?"

"ಹೂಂನ್ರಿ ಸಾಹೇಬ್ರ" ಎಂದಿತು ಬೈಕಿನ ಕೆಳಗಿನಿಂದ, ತಕ್ಷಣ.

ಆಮೇಲೆ ಬಸಣ್ಣ ತಲೆ ಹೊರಗೆ ಹಾಕಿ ನನ್ನ ಬಾಯಿ ನೋಡಿದ, ಕ್ಯಾಬಿನ್ ನೋಡಿದ, ಮತ್ತೆ ನನ್ನ ಬಾಯಿ ನೋಡಿದ. ಒಳಗೆ ಕುರ್ಚಿ ಸರಿಯಿತು. ಯಜಮಾನರು ಬಾಗಿಲಿಗೆ ಬಂದು ನಿಂತರು. ತಮ್ಮ ದನಿ ತಮಗಿಂತ ಮುಂಚೆ ಹೊರಗೆ ಹೋಗಿ ನಿಂತದ್ದನ್ನು ಕಂಡವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಅದನ್ನು ಇವತ್ತಿನವರೆಗೂ ಆಡಿ ತೋರಿಸಿಲ್ಲ.

"ಸಾರ್, ಅದು ನಾನು" ಎಂದೆ. ಆಗ ಬಂತು.

ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅವರು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತಿದ್ದರು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. "ನಾನಲ್ವಾ?" ಎಂದರು. "ನಾನು ಹೇಳೇ ಇಲ್ವಾ?" ಮತ್ತೆ ಮತ್ತೆ ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂತೋಷವನ್ನು ತಡೆದುಕೊಳ್ಳಲಾಗಲಿಲ್ಲ.

ದೋರ್ಜೆಗೆ ನಾನೇ ಹೋಗಿ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವನು ಕೇಳಿ, ಸುತ್ತಿದ್ದ ಟಾರ್ಪಾಲನ್ನು ಒಂದೊಂದೇ ಗಂಟು ಬಿಚ್ಚತೊಡಗಿದ. "ಹಾಗಾದರೆ ಗಾಡಿ ಕೆಟ್ಟಿಲ್ಲ" ಎಂದ. ಕೊನೆಯ ಗಂಟು ಬಿಚ್ಚಿ ನನ್ನ ಕಡೆ ನೋಡಿ, "ಕೆಟ್ಟಿರುವುದು ನೀನು" ಎಂದ.

ಯಜಮಾನರು ನೋಟ್‌ಬುಕ್ಕನ್ನು ಡಸ್ಟ್‌ಬಿನ್ನಿಗೆ ಹಾಕಿ ತಾವೇ ಕೆಳಗೆ ಮಲಗಿ ಬೆಲ್ಟು ಬಿಗಿ ಮಾಡಿದರು. ಗೋಡೆಯ ಮೇಲಿನ ಸೀಮೆಸುಣ್ಣದ ಸಾಲಿಗೆ ಇನ್ನೊಂದು ಗೆರೆ ಎಳೆದರು. ಬುಧವಾರ ಬೆಳಿಗ್ಗೆ ಮತ್ತೆ ಸರ್ಜಾಪುರ, ಮತ್ತೆ ಟ್ಯಾಂಕರು, ಮತ್ತೆ ಸುಣ್ಣ. ಹಿಂದೆ ಕೂರುವವನು ಯಾರೆಂದು ಯಾರೂ ಕೇಳಲಿಲ್ಲ. ಮರಳು ಚೀಲ ತಂದು ನನ್ನ ಮಡಿಲಿಗಿಟ್ಟದ್ದು ಬಸಣ್ಣ, ಅದೂ ಸ್ವಲ್ಪ ಜೋರಾಗಿ. ಬಾಲ್ಕನಿಗಳಿಗೆ ಕೈ ಬೀಸುವ ಧೈರ್ಯ ನನಗಿರಲಿಲ್ಲ. ಮುನಿಯಪ್ಪ ತಿಪ್ಪೆಯ ಮುಂದೆ ಕೋಲು ಹಿಡಿದು ನಿಂತಿದ್ದರು, ಕಾವಲಿಗೆ.

ಎಂಜಿನ್ ಕಿರುಚಿತು. ಸುಣ್ಣದ ಗೆರೆ ಬಂತು. ದೋರ್ಜೆಯ ಭುಜ ವಾಲಿತು. ನಾನು ಗೊಬ್ಬರಕ್ಕೆ ಬಾಯಿ ಮುಚ್ಚಿಕೊಂಡೆ. ಹಲ್ಲೆಗಳು ನೆಲವನ್ನು ಕಚ್ಚಿದ ಸದ್ದು, ಹಸಿ ಕಬ್ಬು ಮುರಿದ ಹಾಗೆ, ಇನ್ನೂ ಕಿವಿಯಲ್ಲಿದೆ. ಇಡೀ ಹೊಲ, ಅಪಾರ್ಟ್‌ಮೆಂಟು, ಮುನಿಯಪ್ಪ, ಕೋಲು ಎಲ್ಲ ಬಲಗಡೆಗೆ ಜಾರಿಹೋದವು. ತಿರುಗಿಬಿಟ್ಟಿತ್ತು! ಸುಣ್ಣದ ಗೆರೆಯ ಮೇಲೇ, ದಾರ ಹಿಡಿದ ಹಾಗೆ. ದೋರ್ಜೆ ನಂಬಲಾರದೆ ಇನ್ನೊಂದು ಸುತ್ತು ಹೋದ, ಮತ್ತೊಂದು, ಆರು ಸುತ್ತು ಹೋದ. ನಿಲ್ಲಿಸಿದಾಗ ಹೆಲ್ಮೆಟ್ಟಿನೊಳಗೆ ಅಳುತ್ತಿದ್ದ. ನಾನೂ ಅಳುತ್ತಿದ್ದೆ, ಆದರೆ ನನ್ನದು ಮುಖ್ಯವಾಗಿ ಹೆದರಿಕೆಗೆ.

ಡಿಸೆಂಬರಿನಲ್ಲಿ ಅವನೊಂದು ವಿಡಿಯೊ ಕಳಿಸಿದ. ಬೆಳ್ಳನೆಯ ಬೆಟ್ಟ, ಊರ ಜನ ಸಾಲಾಗಿ ನಿಂತಿದ್ದಾರೆ, ಹಿಂದೆ ಅವನ ಹೆಂಡತಿಯನ್ನೇ ಕೂರಿಸಿಕೊಂಡಿದ್ದಾನೆ. ಆ ಮರದ ಹತ್ತಿರ ಗಾಡಿ ಎಡಕ್ಕೆ ಹೊರಳಿ ಹಿಮದ ಪುಡಿ ಹಾರಿಸಿಕೊಂಡು ಹೋಗುತ್ತದೆ. ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ ಮೂರು ಎಂದು ಬರೆದಿದೆ. ಯಜಮಾನರು ಅದನ್ನು ಮೊಮ್ಮಗಳಿಗೆ ತೋರಿಸುವ ನೆಪದಲ್ಲಿ ತಾವೇ ದಿನಕ್ಕೊಂದು ಸಲ ನೋಡುತ್ತಿದ್ದರು.

ಆದರೆ ನನ್ನ ವಿಷಯ ಇತ್ಯರ್ಥವಾದದ್ದು ಆ ಬುಧವಾರವೇ, ಹೊಲದಲ್ಲೇ. ಗಾಡಿಯನ್ನು ಮಿನಿ ಲಾರಿಗೆ ಏರಿಸಿ ಹಗ್ಗ ಕಟ್ಟುತ್ತಿದ್ದೆವು. ನಾನು ಕೆಸರಿನ ಕೈ ಒರೆಸಿಕೊಂಡು ಯಜಮಾನರ ಮುಂದೆ ಹೋಗಿ ನಿಂತೆ.

"ಸಾರ್, ನಾಳೆಯಿಂದ ನಾನು ಬರಲಾ, ಬೇಡ್ವಾ?"

ಅವರು ನನ್ನನ್ನು ನೋಡಲಿಲ್ಲ. "ನಿನ್ನ ಮಾತು ನಂಬಿ ಕೆಟ್ಟ ಹೆಸರು ತಗೊಂಡಿದ್ದು ಅವನು. ಅವನನ್ನ ಕೇಳು" ಎಂದರು.

ಬಸಣ್ಣ ಹಗ್ಗದ ಗಂಟನ್ನು ಎರಡೂ ಕೈಯಿಂದ ಜಗ್ಗಿ ನೋಡಿದ. ನನ್ನನ್ನು ತಲೆಯಿಂದ ಕಾಲಿನವರೆಗೂ ಒಂದು ಸಲ ಅಳೆದ. ಆಮೇಲೆ ನನಗಲ್ಲ, ಯಜಮಾನರಿಗೆ ಹೇಳಿದ:

"ಬರ್ಲಿ ಬಿಡ್ರಿ ಸಾಹೇಬ್ರ. ಇವನ ನಾಲಿಗೀಗೂ ಒಂದು ಬೆಲ್ಟ್ ಹಾಕೂಣು. ಪೂರ್ತಿ ಬಿಗೀಬ್ಯಾಡ್ರಿ ಮತ್ತ, ತಿರುವಿನಾಗ ತಿರುಗೂವಷ್ಟು ಸಾಕು."